ಕರಿಜಾಲಾರಿ ಎಂಬ ಇಲ್ಲದ ಮರ

ಯಾವ ಮರ ಕಂಡರೂ ಅದರ ಹೆಸರನ್ನು ಇಬ್ಬರ ಹತ್ತಿರ ಕೇಳುವುದು ನನ್ನ ಅಭ್ಯಾಸ. ಒಬ್ಬರು ಹೇಳಿದರೆ ನನಗೆ ಸಾಲದು. ಎದುರಿಗಿರುವುದು ಹೊಂಗೆ ಎಂದು ನನ್ನ ಕಣ್ಣಿಗೇ ಕಾಣುತ್ತಿರಲಿ, ಮೊದಲನೆಯವರು ಹೊಂಗೆ ಎಂದೇ ಹೇಳಲಿ, ಹತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಬ್ಬರನ್ನು ನಿಲ್ಲಿಸಿ ಕೇಳದಿದ್ದರೆ ಸಮಾಧಾನವಿಲ್ಲ. ನನ್ನ ಹೆಂಡತಿ ಇದನ್ನೊಂದು ಕಾಯಿಲೆಯೆಂದೇ ತಿಳಿದಿದ್ದಾಳೆ. ಮೊನ್ನೆ ಹೊನ್ನೂರಿಗೆ ಅವಳ ಅಣ್ಣನ ಮನೆಗೆ ಹೋಗಿದ್ದೆವು. ಗದ್ದೆಯ ಬದುವಿನಲ್ಲಿ ಒಂದು ಮರವಿತ್ತು. ಯಾವುದು ಎಂದು ಭಾವನನ್ನು ಕೇಳಿದೆ. ಮತ್ತಿ ಎಂದರು. ಆಮೇಲೆ ಕಬ್ಬಿಗೆ ನೀರು ಕಟ್ಟುತ್ತಿದ್ದ ಆಳನ್ನು ಕೂಗಿ ಕೇಳಿದೆ. ಅವನೂ ಮತ್ತಿ ಎಂದ. ಭಾವನ ಮುಖ ಸಪ್ಪಗಾಯಿತು.

“ಯಾಕ್ ಭಾವ, ನಾನೇಳಿದ್ದು ಸುಳ್ಳು ಅಂತ್ಲಾ?”

ಸುಳ್ಳೆಂದಲ್ಲ, ಇದಕ್ಕೊಂದು ಕಾರಣವಿದೆ, ಊಟಕ್ಕೆ ಕೂತಾಗ ಹೇಳುತ್ತೇನೆ ಎಂದೆ. ಊಟದ ಹೊತ್ತಿಗೆ ಮಾತು ಆಲೆಮನೆಯ ಕಡೆಗೆ ಹೊರಳಿತು. ಈ ವರ್ಷದ ಬೆಲ್ಲ ಯಾಕೆ ಬಣ್ಣಗೆಟ್ಟಿತೆಂಬ ಚರ್ಚೆಯಲ್ಲಿ ನನ್ನ ಕಾರಣ ಬಾಯಲ್ಲೇ ಉಳಿಯಿತು. ನೀವಾದರೂ ಕೇಳಿ.

ನಾನು ಹುಟ್ಟಿ ಬೆಳೆದದ್ದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ. ನಮ್ಮಪ್ಪ ಕುಣಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಬೀದಿಯ ತುಂಬ ಬೆಳಗಿನಿಂದ ಮಗ್ಗದ ಸದ್ದು. ಮಧ್ಯಾಹ್ನ ಮಲಗಿದ ಮಕ್ಕಳಿಗೆ ಆ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಮರ ಎಂದರೆ ನಮ್ಮ ಪಾಲಿಗೆ ಮಗ್ಗದ ಮರ, ಲಾಳಿಯ ಮರ. ಬೇರು, ಎಲೆ ಇರುವ ಮರ ನಮ್ಮ ಬೀದಿಯಲ್ಲಿ ಒಂದೇ ಒಂದಿತ್ತು, ಬೇವು. ಅದನ್ನೂ ನಾವು ನೆನೆಸಿಕೊಳ್ಳುತ್ತಿದ್ದುದು ಯುಗಾದಿಗೆ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಸಿಡುಬಿನ ಅಮ್ಮ ಎದ್ದಾಗ. ಇಷ್ಟು ಯಾಕೆ ಹೇಳಿದೆನೆಂದರೆ, ಮುಂದೆ ನಾನು ಸೇರಿದ ಕೆಲಸಕ್ಕೆ ನನ್ನಷ್ಟು ಯೋಗ್ಯತೆಯಿಲ್ಲದವನು ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ, ಮದರಾಸು ರಾಜ್ಯಕ್ಕೆ ಸೇರಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷು ಮತ್ತು ತಮಿಳು, ಸಂತೆಯಲ್ಲಿ ಎರಡೂ. ೧೯೫೬ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಸುದ್ದಿ ಕೇಳಿದ ನಮ್ಮಮ್ಮನಿಗೆ ಗಾಬರಿ.

“ಅಂಗಾರೆ ಮನೆ ಖಾಲಿ ಮಾಡ್ಬೇಕಾ?”

“ಇಲ್ಲ ಕಣೆ,” ಎಂದರು ಅಪ್ಪ, ಲಾಳಿ ನಿಲ್ಲಿಸದೆ. “ನಾವು ಇಲ್ಲೇ ಇರ್ತೀವಿ. ರಾಜ್ಯ ಮಾತ್ರ ಓಯ್ತದೆ.”

ರಾಜ್ಯದ ಜೊತೆಗೆ ಕೆಲವು ನೌಕರರೂ ಹೋದರು. ಮದರಾಸಿನ ಕಡೆಗೇ ಇರುತ್ತೇವೆಂದು ಬರೆದುಕೊಟ್ಟ ಗುಮಾಸ್ತರು, ಗಾರ್ಡುಗಳು ಪೆಟ್ಟಿಗೆ ಕಟ್ಟಿಕೊಂಡು ಘಟ್ಟ ಇಳಿದರು. ಹಾಗೆ ಖಾಲಿಯಾದ ಒಂದು ಕುರ್ಚಿ ಎಸ್ಸೆಸ್ಸೆಲ್ಸಿ ಮುಗಿಸಿದ್ದ ನನಗೆ ಸಿಕ್ಕಿತು. ಕಾಡಿನ ಇಲಾಖೆಯ ಒಂದು ಸಣ್ಣ ರೇಂಜ್ ಆಫೀಸು. ಯಾವ ರೇಂಜು ಎಂದು ಹೇಳುವುದು ಬೇಡ. ನಮ್ಮ ಬೀದಿಯಲ್ಲಿ ಸರ್ಕಾರಿ ಕೆಲಸ ಹಿಡಿದ ಮೊದಲನೆಯವನು ನಾನು. ಅಕ್ಕಪಕ್ಕದವರು ಬಂದು ನನ್ನ ಜೇಬಿನ ಪೆನ್ನನ್ನು ನೋಡಿಹೋದರು.

ರೇಂಜರು ನಂಜುಂಡಯ್ಯನವರು ಮೈಸೂರಿನ ಕಡೆಯಿಂದ ಹೊಸದಾಗಿ ಬಂದವರು, ಒಳ್ಳೆಯವರು. ಅವರಿಗೆ ತಮಿಳು ಬರುತ್ತಿರಲಿಲ್ಲ. ಮೊದಲನೇ ದಿನವೇ ಒಂದು ಬೀರು ತೆಗೆದು ತೋರಿಸಿದರು. ಅದರ ತುಂಬ ಹಳೆಯ ಮರದ ರಿಜಿಸ್ಟರುಗಳಿದ್ದವು.

“ತಮಿಳು ಓದಕ್ಕೆ ಬರುತ್ತೇನ್ರೀ?”

“ಬರುತ್ತೆ ಸಾರ್. ಬರೆಯಕ್ಕೂ ಬರುತ್ತೆ.”

ಅವರು ಕೇಳಿದ್ದು ಓದುವುದನ್ನು ಮಾತ್ರ. ಎರಡನೆಯ ಮಾತು ಇಪ್ಪತ್ತೊಂದು ವರ್ಷದ ಹುಡುಗಾಟ.

ಹಿಂದಿನವರು ಬೆಟ್ಟದ ಒಂದೊಂದು ತುಂಡನ್ನೂ ಸುತ್ತಿ, ದಪ್ಪ ಮರಗಳಿಗೆ ತಗಡಿನ ನಂಬರು ಹೊಡೆದು, ನಂಬರು, ಹೆಸರು, ಸುತ್ತಳತೆ ಬರೆದಿಟ್ಟಿದ್ದರು. ಹೆಸರುಗಳು ತಮಿಳಿನಲ್ಲಿದ್ದವು. ಪಕ್ಕದಲ್ಲಿ ಸಸ್ಯಶಾಸ್ತ್ರದ ಹೆಸರಿಗೆಂದು ಇನ್ನೊಂದು ಅಂಕಣವಿತ್ತು, ಆದರೆ ಅದನ್ನು ಗೆದ್ದಲು ತಿಂದಿತ್ತು. ಇದ್ದ ಹೆಸರುಗಳನ್ನೆಲ್ಲ ಕನ್ನಡಕ್ಕೆ ಇಳಿಸಿ ಹೊಸ ರಿಜಿಸ್ಟರು ಮಾಡುವುದು ನನ್ನ ಕೆಲಸ.

ಕೂತೆ. ತೇಕ್ಕು ತೇಗವಾಯಿತು, ವೇಂಗೈ ಹೊನ್ನೆಯಾಯಿತು, ಮರುದು ಮತ್ತಿಯಾಯಿತು. ಕಾಡು ಎಷ್ಟು ಸುಲಭ ಅನ್ನಿಸಿತು. ಬೆನ್ನಿಗೆ ಫ್ಯಾನಿಲ್ಲ ಎನ್ನುವುದು ಬಿಟ್ಟರೆ ಕಾಡಿನಲ್ಲಿ ನನಗೆ ಬೇರೆ ಕಷ್ಟವೇ ಕಾಣಲಿಲ್ಲ. ‘ಕುಂಗಿಲಿಯಂ’ ಎಂಬ ಹೆಸರು ಬಂದಾಗ ಮಾತ್ರ ಸಿಕ್ಕಿಕೊಂಡೆ. ಸಂಜೆ ಮನೆಗೆ ಹೋಗುವಾಗ ಸತ್ಯಮಂಗಲದ ಕಡೆಯ ಬಡಗಿಯೊಬ್ಬ ರಸ್ತೆಯ ಪಕ್ಕ ಬಾಗಿಲು ಉಜ್ಜುತ್ತಿದ್ದ. ಅವನನ್ನು ಕೇಳಿದೆ.

“ಕುಂಗಿಲಿಯಮಾ? ಜಾಲಾರಿ ಸಾಮಿ. ತೊಲೆಗೆ ಬಲು ಗಟ್ಟಿ.”

ಅವನು ಹೇಳಿದ್ದು ತಪ್ಪಲ್ಲ. ಜಾಲಾರಿಗೂ ಆ ಕಡೆ ಅದೇ ಹೆಸರು. ಕೆಳಗಿನ ಒಣಕಾಡಿನ ಜಾಲಾರಿಗಳೆಲ್ಲ ಹಾಗೆ ಕನ್ನಡಕ್ಕೆ ಬಂದವು. ಐದಾರು ಪುಟ ದಾಟಿದ ಮೇಲೆ ಒಡೆಯರಪಾಳ್ಯದಾಚೆಯ ಎತ್ತರದ ಕಾಡಿನ ಪುಟ ಬಂತು. ಅಲ್ಲಿ ಹದಿನಾಲ್ಕು ಮರಗಳ ಮುಂದೆ ‘ಕರುಂಗುಂಗಿಲಿಯಂ’ ಎಂದಿತ್ತು. ನನಗೆ ಈ ಸಲ ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ. ಕರುಂ ಎಂದರೆ ಕರಿ. ಕುಂಗಿಲಿಯಂ ಎಂದರೆ ಜಾಲಾರಿ. ಸಂಧಿ ಬಿಡಿಸಿದ ಪಂಡಿತನ ಹೆಮ್ಮೆಯಿಂದ ಹದಿನಾಲ್ಕು ಸಲ ‘ಕರಿಜಾಲಾರಿ’ ಎಂದು ಬರೆದೆ. ನನ್ನ ಅಕ್ಷರ ದುಂಡಗಿತ್ತು. ನಂಜುಂಡಯ್ಯನವರು ಪುಟ ತಿರುವಿ, “ಮುತ್ತು ಪೋಣಿಸಿದ ಹಾಗೆ ಬರೆದಿದೀರಿ,” ಎಂದು ರುಜು ಹಾಕಿದರು. ಆ ಹೆಸರಿನ ಮರ ಭೂಮಿಯ ಮೇಲೆ ಎಲ್ಲೂ ಇಲ್ಲವೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಎರಡು ವರ್ಷ ಕಳೆಯಿತು. ಆ ಬೆಟ್ಟದ ಜಾಲಾರಿಯನ್ನು ಕಡಿಯಲು ಮೇಲಿನಿಂದ ಮಂಜೂರಾತಿ ಬಂತು. ಹೊರಗಿನ ಕಂಟ್ರಾಕ್ಟರೊಬ್ಬನಿಗೆ ಹರಾಜಾಯಿತು. ಪಟ್ಟಿ ಮಾಡಿದವರು ಜಾಲಾರಿ ಎಂದಿರುವುದನ್ನೆಲ್ಲ ಸೇರಿಸಿದರು. ಕರಿಯದೂ ಅದರೊಳಗೆ ಹೋಯಿತು. ಕೂಲಿಯವರು ಕೆಳಗಿನಿಂದ ಕಡಿಯುತ್ತ ಮೇಲಕ್ಕೆ ಹೋದರು. ಅವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ, ತಗಡಿನ ನಂಬರು ಸಿಕ್ಕರೆ ಸಾಕು.

ಆ ಕಡೆಯ ಗಾರ್ಡು ಪುಟ್ಟಮಾದಯ್ಯ, ಬಂಡಳ್ಳಿಯವನು. ರಾಗಿಹೊಲ ಬಿಟ್ಟು ಬಂದು ಆರು ತಿಂಗಳಾಗಿತ್ತು. ಒಂದು ದಿನ ಆಫೀಸಿಗೆ ಬಂದವನು ನನ್ನ ಮೇಜಿನ ಹತ್ತಿರ ನಿಂತ.

“ಸಾ, ಈ ಕರಿಜಾಲಾರಿ ಅನ್ನದು ಎಂಗಿರ್ತದ?”

“ಜಾಲಾರಿ ಇದ್ದ ಹಾಗೇ ಇರುತ್ತೆ ಕಣಯ್ಯ. ಸ್ವಲ್ಪ ಕರ್ರಗೆ.”

ಆ ‘ಸ್ವಲ್ಪ ಕರ್ರಗೆ’ ನೆನಪಾದರೆ ಈಗಲೂ ತಲೆಯ ಮೇಲೆ ಟವೆಲು ಹಾಕಿಕೊಳ್ಳೋಣವೆನ್ನಿಸುತ್ತದೆ.

ಅದಾಗಿ ವಾರಕ್ಕೆ ಕೇತಮ್ಮ ಬಂದಳು. ಮೇಲಿನ ಕಾಡಿನ ಅಂಚಿನಲ್ಲಿರುವ ಸೋಲಿಗರ ಪೋಡಿನವಳು; ಪೋಡು ಎಂದರೆ ಅವರ ಹಾಡಿ. ಐವತ್ತರ ಹತ್ತಿರದ ವಯಸ್ಸು, ಎಣ್ಣೆ ಕಾಣದ ನರೆಗೂದಲು. ಬೆಟ್ಟ ಇಳಿದು ಒಡೆಯರಪಾಳ್ಯಕ್ಕೆ ನಡೆದು, ಅಲ್ಲಿಂದ ಯಾವುದೋ ಲಾರಿ ಹತ್ತಿ ಬಂದಿದ್ದಳು. ರೇಂಜರು ಮಲೆ ಮಹದೇಶ್ವರ ಬೆಟ್ಟದ ಕಡೆ ಟೂರ್ ಹೋಗಿದ್ದರು; ಆಫೀಸಿನಲ್ಲಿದ್ದವನು ನಾನೊಬ್ಬನೇ. ಕುರ್ಚಿ ತೋರಿಸಿದರೂ ಕೂರದೆ, ಮುತ್ತುಗದ ಎಲೆಯ ಒಂದು ಪೊಟ್ಟಣವನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟಳು. ಅಂಗೈ ಅಗಲದ ತೊಗಟೆ, ಅದರ ಮೇಲೆ ಗಾಜಿನ ಚೂರಿನ ಹಾಗೆ ಹೊಳೆಯುವ ಕಪ್ಪು ಅಂಟು.

“ಇದ್ಯಾವ್ ಮರದ್ದು ಏಳಿ ಬುದ್ದಿ.”

ನಾನು ಬಗ್ಗಿ ಮೂಸಿದೆ. ಯೋಚಿಸುವ ಮೊದಲೇ ಬಾಯಿ ಹೇಳಿತು: “ಧೂಪ.”

ನಮ್ಮ ಮನೆಯ ಶುಕ್ರವಾರದ ಸಂಜೆಯ ವಾಸನೆ ಅದು. ಅಮ್ಮ ಕೆಂಡದ ಮೇಲೆ ಕಪ್ಪು ಪುಡಿ ಉದುರಿಸಿ, ದೇವರಿಗೆ ಹಿಡಿದು, ಆಮೇಲೆ ಮಗ್ಗಕ್ಕೂ ಒಂದು ಸುತ್ತು ಹಿಡಿಯುತ್ತಿದ್ದಳು. ನೇಯುತ್ತಿದ್ದ ಅಪ್ಪ ಕೆಮ್ಮುತ್ತಿದ್ದರು.

“ಅಯ್, ಗೊತ್ತದ ನಿಮ್ಗ!” ಕೇತಮ್ಮನ ಮುಖ ಅರಳಿತು. “ಮರ ಕೂಯ್ಯವ್ರು ಇದ್ಕ ಕರಿಜಾಲಾರಿ ಅಂತರ ಬುದ್ದಿ. ಯಾರಪ್ಪ ಏಳಿದ್ದು ಅಂದ್ರ, ಪುಸ್ತ್ಕದಲ್ಲಿ ಅದ ಅಂತರ. ನಾನು ಉಟ್ಟುದ್ದು ಆ ಕಾನಲ್ಲೇ. ನಮ್ಮಜ್ಜ ಮುತ್ತಜ್ಜ ಎಲ್ಲಾ ಅಲ್ಲೇ ಇದ್ದದು. ಕರಿಜಾಲಾರಿ ಅನ್ನ ಮರವ ನಾ ಕಾಣೆ. ನೀವು ಕಂಡಿದ್ರ ಎಲ್ಲದ ಏಳಿ. ಸಾಯದ್ರೊಳ್ಗ ಓಗಿ ನೋಡ್ಬುಡ್ತೀನಿ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಸುಲಭವಾಗುತ್ತಿತ್ತು, ರೇಗಬಹುದಿತ್ತು. ಪುಸ್ತಕದಲ್ಲಿ ಬರೆದಿದ್ದಾರೆಂದ ಮೇಲೆ ಅಂಥದ್ದೊಂದು ಮರ ಎಲ್ಲೋ ಇರಬೇಕು, ತನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೆ ಎಂದು ಆಕೆ ನಿಜವಾಗಿ ನಂಬಿದ್ದಳು.

“ಎಷ್ಟು ಕಡಿದಿದ್ದಾರೆ?” ಎಂದೆ.

“ನಾ ಅಲ್ಲಿಂದ ಒಂಟಾಗ ಆರು ಬಿದ್ದಿದ್ದೊ.”

ಧೂಪ ತೆಗೆಯುವ ಬಗೆಯನ್ನೂ ಹೇಳಿದಳು. ತೊಗಟೆಗೆ ಒಂದು ಕಡೆ ಮಾತ್ರ ಸಣ್ಣ ಗಾಯ ಮಾಡುತ್ತಾರಂತೆ. ಅಂಟು ಬರುತ್ತ ಬರುತ್ತ ಒಣಗುತ್ತದೆ, ಅದನ್ನು ಕೆತ್ತಿಕೊಳ್ಳುತ್ತಾರೆ. ಆಮೇಲೆ ಎರಡು ವರ್ಷ ಆ ಮರದ ತಂಟೆಗೆ ಹೋಗುವ ಹಾಗಿಲ್ಲ. ಅವಳ ಅಜ್ಜಿ ಗಾಯ ಮಾಡಿದ ಮರಗಳಿಗೇ ಅವಳೂ ಗಾಯ ಮಾಡಿದ್ದಳು. “ಗಾಯ ಮಾಡಿದ್ರೂ ಬದುಕ್ತದ ಬುದ್ದಿ ಅದು. ಕಡುದ್ರ ಏನ್ ಮಾಡದು?”

ಆಗ ನಾನು ಮಾಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. “ಸಾಹೇಬರು ನಾಡಿದ್ದು ಬರುತ್ತಾರೆ. ಬಂದ ಮೇಲೆ ಹೇಳುತ್ತೇನೆ,” ಎಂದೆ.

“ಅಲ್ಲಿ ಗಂಟ ಕಡಿಯದ ನಿಲ್ಸ್ತರಾ?”

“ನಿಲ್ಲಿಸುವ ಅಧಿಕಾರ ನನಗಿಲ್ಲಮ್ಮ.”

ರೂಲಿನ ಪ್ರಕಾರ ಅದು ಸರಿ. ಆದರೆ ಪುಟ್ಟಮಾದಯ್ಯನಿಗೆ ಒಂದು ಚೀಟಿ ಬರೆದು ಅವಳ ಕೈಯಲ್ಲೇ ಕೊಟ್ಟಿದ್ದರೆ ಅವನು ಎರಡು ದಿನ ಹೇಗೋ ತಡೆಯುತ್ತಿದ್ದ. ಅದು ನನಗೆ ಗೊತ್ತಿತ್ತು. ಬರೆದರೆ ತಪ್ಪು ನನ್ನದೆಂದು ಬರೆಯಬೇಕು; ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೇತಮ್ಮ ತೊಗಟೆಯನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಆಫೀಸೆಲ್ಲ ದೇವರ ಮನೆಯ ಹಾಗೆ ವಾಸನೆ.

ಮನೆಗೆ ಹೋಗಿ, ಏನೂ ಆಗದವನ ಹಾಗೆ ಅಮ್ಮನನ್ನು ಕೇಳಿದೆ: “ಅಮ್ಮ, ಧೂಪಕ್ಕೆ ತಮಿಳಿನಲ್ಲಿ ಏನಂತಾರೆ?”

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. “ಏನ್ಲಾ ಇಂಗ್ ಕೇಳ್ತೀಯ? ಚಿಕ್ಕೋನಿದ್ದಾಗ ವಾರವಾರ ತತ್ತಿದ್ದೋನು ನೀನೇ ಕಣ್ಲಾ. ‘ಧೂಪ ಕೊಡಿ’ ಅಂದ್ರೆ ಚೆಟ್ಟಿಯಾರು ಒಳೀಕೆ ಕೂಗಿ ಏನಂತಿದ್ರು? ‘ಕುಂಗಿಲಿಯಂ ಎಡು’ ಅಂತಿರ್ಲಿಲ್ವಾ?”

ಅಂತಿದ್ದರು. ಅಂಗಡಿಯ ಕಟ್ಟೆಯ ಮೇಲೆ ಗಲ್ಲವೂರಿ ನಿಂತು ನೂರು ಸಲ ಕೇಳಿದ್ದೆ. ಆಗ ನನ್ನ ಗಮನವೆಲ್ಲ ಪಕ್ಕದ ಕಲ್ಲುಸಕ್ಕರೆಯ ಡಬ್ಬದ ಮೇಲೆ ಇರುತ್ತಿತ್ತು.

ಮಾರನೆಯ ದಿನ ಆಫೀಸಿನ ಬಾಗಿಲು ಮುಂದೆ ಮಾಡಿ ರಿಜಿಸ್ಟರು ತೆಗೆದೆ. ಪೆನ್ಸಿಲು ಹೆರೆಯುವ ಬ್ಲೇಡು ಕೈಯಲ್ಲಿತ್ತು. ಮೊದಲನೇ ‘ಕರಿಜಾಲಾರಿ’ಯ ‘ಜಾ’ ಅಕ್ಷರವನ್ನು ಮೆಲ್ಲಗೆ ಕೆರೆದೆ. ಶಾಯಿ ಹೋಯಿತು, ಕಾಗದದಲ್ಲಿ ಬೆಳಕು ಕಾಣಿಸತೊಡಗಿತು. ಅಷ್ಟರಲ್ಲಿ ಹೊಳೆಯಿತು, ಇದರ ಒಂದು ನಕಲು ಮೈಸೂರಿನಲ್ಲಿದೆ, ಇನ್ನೊಂದು ಕಂಟ್ರಾಕ್ಟರನ ಕೈಯಲ್ಲಿದೆ. ಬ್ಲೇಡು ಕೆಳಗಿಟ್ಟೆ. ಪ್ರಾಮಾಣಿಕತೆಯಿಂದ ಇಟ್ಟೆನೆಂದು ಹೇಳಲಾರೆ. ಕೆರೆದು ಪ್ರಯೋಜನವಿಲ್ಲವೆಂದು ಇಟ್ಟೆ. ಆ ಅಕ್ಷರವಿಲ್ಲದ ಜಾಗ ರಿಜಿಸ್ಟರಿನಲ್ಲಿ ಕೊನೆಯವರೆಗೂ ಹಾಗೇ ಇತ್ತು.

ಮೂರನೇ ದಿನ ಮಧ್ಯಾಹ್ನ ನಂಜುಂಡಯ್ಯನವರು ಬಂದರು. ಅವರು ಬೂಟು ಬಿಚ್ಚುವ ಮುಂಚೆ ಎಲ್ಲವನ್ನೂ ಹೇಳಿಬಿಟ್ಟೆ: ಬಡಗಿ, ಸಂಧಿ, ಕೇತಮ್ಮ, ಬ್ಲೇಡು. ತೊಗಟೆಯನ್ನು ತೋರಿಸಿದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ.

“ಧೂಪದ ಮರ ನೋಡಿದೀರೇನ್ರೀ ನೀವು?”

“ಇಲ್ಲ ಸಾರ್.”

“ನಾನೂ ನೋಡಿಲ್ಲ,” ಎಂದರು. “ನೋಡದೆ ನೀವು ಬರೆದ್ರಿ, ನೋಡದೆ ನಾನು ರುಜು ಹಾಕಿದೆ. ನಡೀರಿ.”

ಊಟ ಮಾಡದೆಯೇ ಜೀಪು ಹತ್ತಿದರು. ಹನೂರು ದಾರಿ ಬಿಟ್ಟು ಬೆಟ್ಟದ ಕಡೆ ತಿರುಗಿ, ಒಡೆಯರಪಾಳ್ಯ ದಾಟಿ, ಜೀಪು ಹೋಗುವವರೆಗೆ ಹೋಗಿ ಆಮೇಲೆ ನಡೆದೆವು. ನನ್ನ ಕಾಲಲ್ಲಿ ಆಫೀಸಿನ ಚಪ್ಪಲಿ. ಒಣಹುಲ್ಲಿನ ಇಳಿಜಾರು ಮುಗಿದದ್ದೇ ದಟ್ಟ ಹಸುರುಕಾಡು, ಕಾನು ಶುರುವಾಯಿತು. ಒಲೆಯ ಮುಂದಿನಿಂದ ಎದ್ದು ಬಾವಿಯ ಕಟ್ಟೆಗೆ ಹೋದಷ್ಟು ತಂಪು. ನನ್ನ ಜೀವನದಲ್ಲಿ ಕಾಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಎರಡು ವರ್ಷದಿಂದ ಅದರ ಸಂಬಳ ತಿನ್ನುತ್ತಿದ್ದೆ.

ಹಸುರಿನ ನಡುವೆ ಒಂದು ಮರದ ನೆತ್ತಿ ಪೂರ್ತಿ ಕೆಂಪಗಿತ್ತು. ಕುಂಕುಮದ ಬಟ್ಟಲು ಮಗುಚಿದಂತೆ.

“ಎಂಥಾ ಹೂವು!” ಎಂದೆ.

“ಊವಲ್ಲ ಸಾ, ಚಿಗುರು,” ಎಂದ ನಮ್ಮನ್ನು ಕರೆದೊಯ್ಯುತ್ತಿದ್ದ ಪುಟ್ಟಮಾದಯ್ಯ. “ಅದೇ ನಿಮ್ ಕರಿಜಾಲಾರಿ.”

ಅದರ ಕೆಳಗೆ ಬಿದ್ದಿದ್ದ ಮರಗಳ ಮೇಲೂ ಅದೇ ಕೆಂಪು ಚಿಗುರು, ಬಾಡಿ ಕಂದಿತ್ತು. ಕಡಿದ ಬುಡಗಳಿಂದ ಅಂಟು ಇಳಿಯುತ್ತಿತ್ತು. ಗರಗಸ ಹನ್ನೊಂದನೆಯ ಮರಕ್ಕೆ ಆಗಷ್ಟೇ ಹತ್ತಿತ್ತು. ರೇಂಜರು ಕೈಯೆತ್ತಿ ನಿಲ್ಲಿಸಿದರು. ಕಂಟ್ರಾಕ್ಟರನ ಮೇಸ್ತ್ರಿ ಮಡಿಸಿದ ಪಟ್ಟಿಯನ್ನು ಜೇಬಿನಿಂದ ತೆಗೆದ.

“ಪುಸ್ತಕದಾಗೆ ಅದಲ್ಲಾ ಸಾ. ನಂಬರ್ ನೋಡಿ, ಎಸ್ರು ನೋಡಿ. ನಿಮ್ಮ ರುಜುನೇ ಅದೆ.”

ನಂಜುಂಡಯ್ಯನವರು ನನ್ನ ಕಡೆ ತಿರುಗಿದರು. “ಹೇಳ್ರೀ.”

ಅಲ್ಲಿ ಹದಿನೈದು ಇಪ್ಪತ್ತು ಜನರಿದ್ದರು. ಗರಗಸ ಹಿಡಿದವರು, ಪೋಡಿನ ಕೆಲವು ಗಂಡಸರು, ಹೆಂಗಸರು, ಅವರೊಳಗೆ ಕೇತಮ್ಮ. “ಪುಸ್ತಕ ತಪ್ಪು,” ಎಂದೆ. “ತಪ್ಪು ಬರೆದವನು ನಾನು. ಇದು ಧೂಪದ ಮರ. ಕರಿಜಾಲಾರಿ ಅನ್ನುವ ಮರವೇ ಇಲ್ಲ.”

ಗರಗಸದವನೊಬ್ಬ ನಕ್ಕ. ಮೇಸ್ತ್ರಿ ನಗಲಿಲ್ಲ. ಕೇತಮ್ಮ ಎರಡು ಹೆಜ್ಜೆ ಮುಂದೆ ಬಂದಳು.

“ಅಂಗಾರ ಅದು ಇಲ್ವೇ ಇಲ್ವಾ ಬುದ್ದಿ?”

“ಇಲ್ಲಮ್ಮ.”

“ಎಲ್ಲೂ?”

“ಎಲ್ಲೂ ಇಲ್ಲ.”

ಅವಳು ಬಿದ್ದ ಮರಗಳನ್ನು ನೋಡಿ ಮತ್ತೆ ನನ್ನನ್ನು ನೋಡಿದಳು.

ಅವಳು ನನ್ನ ಮೇಜಿನ ಮುಂದೆ ನಿಂತಾಗ ಬಿದ್ದಿದ್ದುದು ಆರು. ಈಗ ಹತ್ತು. ನಡುವಿನ ನಾಲ್ಕಕ್ಕೆ ಗೆದ್ದಲನ್ನಾಗಲಿ, ಸತ್ಯಮಂಗಲದ ಬಡಗಿಯನ್ನಾಗಲಿ ದೂರುವ ಹಾಗಿಲ್ಲ. ಉಳಿದ ನಾಲ್ಕು ಮರಗಳಿಗೆ ರೇಂಜರು ಸುಣ್ಣದ ಪಟ್ಟಿ ಬಳಿಸಿದರು. ಹನ್ನೊಂದನೆಯದಕ್ಕೆ ನಾಲ್ಕು ಬೆರಳು ಗಾಯವಾಗಿತ್ತು. ಕೇತಮ್ಮ ಅದಕ್ಕೆ ಹಸಿಮಣ್ಣು ಮೆತ್ತಿದಳು. ಅದು ಬದುಕಿತು.

ಕಂಟ್ರಾಕ್ಟರು ಅರ್ಜಿ ಹಾಕಿದ. ಮೇಲಿನಿಂದ ವಿವರಣೆ ಕೇಳಿ ಕಾಗದ ಬಂತು. ನಂಜುಂಡಯ್ಯನವರು ತಪ್ಪಿನಲ್ಲಿ ಅರ್ಧ ತಮ್ಮದೆಂದು ಬರೆದರು. ಅದನ್ನು ಟೈಪು ಮಾಡಿದವನು ನಾನೇ. ನನ್ನ ಕೆಲಸ ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು, ಅಷ್ಟೆ. ರಿಜಿಸ್ಟರನ್ನು ಮೊದಲಿನಿಂದ ಮಾಡಬೇಕೆಂದು ಆಜ್ಞೆಯಾಯಿತು, ಈ ಸಲ ಕಾಡಿನಲ್ಲಿ. ಹೊರಡುವ ದಿನ ರೇಂಜರು ಹೇಳಿದರು: “ಪ್ರತಿಯೊಂದಕ್ಕೂ ಇಬ್ಬರನ್ನ ಕೇಳಿ. ಅದರಲ್ಲಿ ಒಬ್ಬರು ಅಲ್ಲಿಯವರೇ ಆಗಿರಲಿ.” ಹೊನ್ನೂರಿನ ಭಾವನಿಗೆ ನಾನು ಕೊಡಬೇಕೆಂದಿದ್ದ ಕಾರಣ ಇದು.

ಎರಡು ಬೇಸಿಗೆ ಬೆಟ್ಟದಲ್ಲಿ ಅಲೆದೆ. ಪುಟ್ಟಮಾದಯ್ಯ ತಗಡಿನ ನಂಬರು ಓದುವನು, ಕೇತಮ್ಮ ಹೆಸರು ಹೇಳುವಳು, ನಾನು ಬರೆಯುವೆನು. ಅವಳು ಮರದ ಎಲೆ ಹರಿದು ಮೂಸುತ್ತಿದ್ದಳು, ತೊಗಟೆಯನ್ನು ಉಗುರಿನಿಂದ ಗೀರುತ್ತಿದ್ದಳು, ಕೆಲವಕ್ಕೆ ಬರೀ ಬೆರಳಿನಿಂದ ತಟ್ಟಿ ಹೇಳುತ್ತಿದ್ದಳು. ನನ್ನ ಹಳೆಯ ದುಂಡಕ್ಷರದಲ್ಲಿ ಇನ್ನೂ ಎಷ್ಟೋ ತಪ್ಪು ಸಿಕ್ಕವು. ಒಂದು ಕಡೆ ಬಳ್ಳಿಯೊಂದನ್ನು ಮರವೆಂದು ಬರೆದಿದ್ದೆ. ಪೋಡಿನವರು ನನಗೆ ‘ಕರಿಜಾಲಾರಿ ಸಾಮಿ’ ಎಂದು ಹೆಸರಿಟ್ಟಿದ್ದರು. ನನ್ನ ಮೈಬಣ್ಣಕ್ಕೆ ಒಪ್ಪುತ್ತಿತ್ತಾದ್ದರಿಂದ ಹೊಸಬರು ಕಾರಣ ಕೇಳುತ್ತಿರಲಿಲ್ಲ.

ಎರಡನೇ ವರ್ಷ ಆ ನಾಲ್ಕು ಮರಗಳ ಕೆಳಗೆ ಕೂತು ಮುದ್ದೆ ತಿನ್ನುತ್ತಿದ್ದೆವು. ನಾಲ್ಕಾದರೂ ಉಳಿದವಲ್ಲ ಎಂದು ನಾನು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದ ಕಾಲ. ಬಾಯಿಬಿಟ್ಟು ಅದನ್ನೇ ಅಂದೆ.

“ಒಳ್ಳೆದೇ ಆಯ್ತು ಬುದ್ದಿ,” ಎಂದಳು ಕೇತಮ್ಮ. ಇನ್ನೊಂದು ತುತ್ತು ಮುರಿದು, “ನಾಕೂ ಗಂಡು,” ಎಂದಳು.

ನನಗೆ ಅರ್ಥವಾಗಲಿಲ್ಲ.

“ಇದ್ರಲ್ಲಿ ಗಂಡು ಬ್ಯಾರ, ಎಣ್ಣು ಬ್ಯಾರ. ಕಾಯಿ ಬುಡೋವೆಲ್ಲಾ ಆ ಕಡೆ ಇದ್ದೊ. ಅವು ಓದೊ. ಇವು ಊ ಬುಡ್ತವ, ಉದುರ್ಸ್ತವ. ಅಷ್ಟೇಯ.”

“ಮೊದಲೇ ಯಾಕೆ ಹೇಳಲಿಲ್ಲ?”

“ಏಳಿದ್ರ ಏನ್ ಮಾಡ್ತಿದ್ರಿ ಬುದ್ದಿ? ನಿಮ್ಗೂ ಬ್ಯಾಸ್ರ, ನಂಗೂ ಬ್ಯಾಸ್ರ.”

ಕೈಯಲ್ಲಿದ್ದ ಮುದ್ದೆಯನ್ನು ಎಲೆಯ ಮೇಲಿಟ್ಟೆ. ಈಗ ಆ ಮರ ಎಲ್ಲ ಕಡೆಯೂ ಅಪರೂಪವಾಗುತ್ತಿದೆ ಎಂದು ಓದಿದವರು ಹೇಳುತ್ತಾರೆ. ಒಂದು ಬೆಟ್ಟದಲ್ಲಿ ಅದು ಹೇಗೆ ಅಪರೂಪವಾಗುತ್ತದೆಂದು ನಾನು ಆ ದಿನ ಕಂಡೆ. ನಿಂತಿದ್ದ ನಾಲ್ಕೂ ಮರ ಆರೋಗ್ಯವಾಗಿದ್ದವು, ಚಿಗುರಿದ್ದವು.

ಬೀಜ ಮೊಳೆಸುವ ಹುಚ್ಚು ಹತ್ತಿದ್ದು ಆಗ. ಎರಡು ಬೆಟ್ಟದಾಚೆ, ಯಳಂದೂರಿನ ಕಡೆಗಿರುವ ಕಾಡಿನಲ್ಲಿ ಕಾಯಿ ಬಿಡುವ ಮರಗಳಿದ್ದವು. ಕೇತಮ್ಮನ ತವರಿನವರು ಆ ಕಡೆ ಇದ್ದರು. ಅವರಿಂದ ಆರು ಕಾಯಿ ತರಿಸಿಕೊಟ್ಟಳು. ಒಳಗಿನ ಬೀಜ ಕಲ್ಲಿನಂಥದ್ದು. ಕೊಳ್ಳೇಗಾಲದ ಮನೆಯ ಹಿತ್ತಿಲಲ್ಲಿ ತೆಂಗಿನ ಚಿಪ್ಪುಗಳಿಗೆ ಮಣ್ಣು ತುಂಬಿ ಊರಿದೆ. ಬೀದಿಯವರಿಗೆ ಇದೊಂದು ತಮಾಷೆ. “ಏನಾಕಿದೀಯಪ್ಪ, ಬಾದಾಮೀನಾ?” ಎಂದು ಕೇಳುವರು. ಅಮ್ಮ ದಿನಾ ನೀರು ಹಾಕುವಳು. ಒಂದು ತಿಂಗಳು, ಎರಡು ತಿಂಗಳು, ಐದು ತಿಂಗಳು, ಮಣ್ಣು ಕದಲಲಿಲ್ಲ. ಅಪ್ಪ ಮಗ್ಗದಿಂದಲೇ ಕೂಗುವರು: “ಕಲ್ಲಿಗೆ ನೀರಾಕಿದ್ರೆ ಪಾಚಿ ಕಟ್ತದೆ ಕಣೆ.” ಏಳನೇ ತಿಂಗಳಲ್ಲಿ ಒಂದು ಚಿಪ್ಪಿನ ಮಣ್ಣು ಬಿರಿಯಿತು. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಆ ಸಸಿ ಒಂದು ಗೇಣಾಯಿತು. ಚೈತ್ರದ ಬಿಸಿಲಿಗೆ, ತಡಿಕೆ ಕಟ್ಟಿ ನೆರಳು ಮಾಡಿದರೂ, ಒಣಗಿತು. ಅಮ್ಮ ಆ ಚಿಪ್ಪಿಗೆ ಇನ್ನೂ ಎರಡು ದಿನ ನೀರು ಹಾಕಿದಳು. ನಮ್ಮೂರಿನ ಗಾಳಿ ಅದಕ್ಕೆ ಆಗದೆಂದು ಕೇತಮ್ಮ ಮೊದಲೇ ಹೇಳಿದ್ದಳು.

ಮುಂದೆ ನನಗೆ ಯಳಂದೂರಿಗೆ ವರ್ಗವಾಯಿತು. ಮದುವೆ, ಮಕ್ಕಳು, ಅಪ್ಪನ ಕಣ್ಣಿನ ಪೊರೆ. ಕಾಯಿ ಸಿಕ್ಕಾಗಲೆಲ್ಲ ಪುಟ್ಟಮಾದಯ್ಯನ ಕೈಯಲ್ಲಿ ಕೇತಮ್ಮನಿಗೆ ಕಳಿಸುತ್ತಿದ್ದೆ. ಅವಳು ಕಾನಿನಲ್ಲಿ ಊರುತ್ತಿದ್ದಳು. ಒಂದಷ್ಟನ್ನು ಕಾಡುಹಂದಿ ಅಗೆದು ತಿಂದವು. ಮೊಳೆತ ಎರಡನ್ನು ಕಡವೆ ಮೇಯ್ದವು. ಹೀಗೆ ಹತ್ತು ಹನ್ನೆರಡು ವರ್ಷ ಕಳೆಯಿತು.

ಎಪ್ಪತ್ತರ ದಶಕ ಶುರುವಾಗಿತ್ತು. ಒಂದು ದಿನ ಪುಟ್ಟಮಾದಯ್ಯ ಯಳಂದೂರಿಗೆ ಬಂದ. “ಕೇತಮ್ಮ ಬರಾಕೇಳವ್ಳ ಸಾ. ಏನೂ ಕೇಳ್ದಂಗ ಸುಮ್ಗೇ ಬರ್ಬೇಕಂತ, ಮಚ್ಚು ತಕಂಡು ಬರ್ಬೇಕಂತ.” ರಜೆ ಹಾಕಿ ಹೋದೆ. ಅವಳು ಮುದುಕಿಯಾಗಿದ್ದಳು, ಕೋಲು ಹಿಡಿದಿದ್ದಳು. ನಾವು ಬೀಜ ಊರಿದ್ದ ಜಾಗಕ್ಕೆ ಕರೆದೊಯ್ಯಲಿಲ್ಲ. ಹಳ್ಳ ದಾಟಿಸಿ ಬೇರೆ ಕಡೆ ನಡೆಸಿದಳು. ದೊಡ್ಡದೊಂದು ಅತ್ತಿಮರ. ಅದರ ಕೆಳಗೆ, ಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗಾಗಿದ್ದ ನೆಲದಲ್ಲಿ, ನನ್ನ ಮೊಣಕಾಲುದ್ದದ ಒಂದು ಗಿಡ ಕೆಂಪು ಚಿಗುರು ಬಿಟ್ಟು ನಿಂತಿತ್ತು.

“ಇದು ನಾವು ಊತುದ್ದಲ್ಲ,” ಎಂದಳು. “ಕಾಡುಪಾರಿವಾಳ ಎಲ್ಲೋ ನುಂಗಿ ಇಲ್ಲಿ ಬಂದು ಉಗುದದ. ನಾವ್ ಕಂಡಿಲ್ಲ, ಅದಾಗೇ ಬಂದದ.”

ನಾನು ಕುಕ್ಕರಗಾಲಲ್ಲಿ ಕೂತು ನೋಡಿದೆ. ಆಮೇಲೆ ನನ್ನ ಮನಸ್ಸಿನಲ್ಲಿದ್ದುದನ್ನು ತಡೆಯಲಾರದೆ ಕೇಳಿದೆ: “ಗಂಡೋ ಹೆಣ್ಣೋ?”

ಕೇತಮ್ಮ ಬೊಚ್ಚು ಬಾಯಿ ತುಂಬ ನಕ್ಕಳು. “ಊ ಬುಡಗಂಟ ದೇವ್ರಿಗೂ ಗೊತ್ತಾಗಲ್ಲ. ಅಷ್ಟೊತ್ಗ ನಾನೂ ಇರಲ್ಲ, ನೀವೂ ಇರಲ್ಲ. ಮೊದ್ಲು ಕಡವೆ ಬಾಯಿಂದ ತಪ್ಸನ. ಮುಳ್ಳು ಕಡೀರಿ.”

ಸೀಗೆಯ ಮುಳ್ಳು ಕಡಿದು ತಂದು ಸುತ್ತ ಹೂತೆವು. ಮಚ್ಚು ಹಿಡಿದು ಅಭ್ಯಾಸವಿಲ್ಲದ ನನ್ನ ಅಂಗಿ ಎರಡು ಕಡೆ ಹರಿಯಿತು, ಕೈಯೆಲ್ಲ ಗೀರು. ಅವಳು ಕೋಲಿನಿಂದ ಒಣಎಲೆಗಳನ್ನು ದೂರಕ್ಕೆ ಗುಡಿಸಿದಳು, ಬೇಸಿಗೆಯ ಬೆಂಕಿ ಹತ್ತಿರ ಬರದಿರಲೆಂದು. ಇಳಿಯುವಾಗ ಹೇಳಿದಳು: “ಮುಳ್ಳು ಒಂದ್ ವರ್ಸ ತಡೀತದ ಬುದ್ದಿ. ಆಮ್ಯಾಕ ಮುರಿತದ. ವರ್ಸೊರ್ಸವೂ ಆಕ್ಬೇಕು.”

ಮೂರು ವರ್ಷ ಅವಳೂ ಬಂದಳು. ನಾಲ್ಕನೆಯ ವರ್ಷ ಅವಳಿರಲಿಲ್ಲ. ಮಗಳು ರಂಗಮ್ಮ ಬಂದಳು. ಪುಟ್ಟಮಾದಯ್ಯ ಈಗ ನೌಕರಿಯಿಂದ ನಿವೃತ್ತನಾಗಿ ಬಂಡಳ್ಳಿಯಲ್ಲಿ ರಾಗಿ ಬೆಳೆಯುತ್ತಾನೆ, ಆದರೂ ಸಂಕ್ರಾಂತಿ ಕಳೆದ ವಾರ ಬಸ್ಸು ಹತ್ತಿ ಬರುತ್ತಾನೆ. ಈ ಸಲವೂ ಮೂವರೂ ಹೋಗಿದ್ದೆವು. ಗಿಡ ನನ್ನ ಭುಜದವರೆಗೆ ಬಂದಿದೆ, ಕೊಂಬೆ ಒಡೆದಿದೆ. ಹೋದ ವರ್ಷದ ಬೇಲಿ ಅದಕ್ಕೆ ಸಾಲುತ್ತಿರಲಿಲ್ಲ. ಪೂರ್ತಿ ಕಿತ್ತು, ಒಂದು ಮಾರು ಅಗಲ ಮಾಡಿ, ಹೊಸ ಮುಳ್ಳು ಹಾಕಿ ಬಂದೆವು.